ಚನ್ನಪಟ್ಟಣದಲ್ಲಿ ವಸಂತನ ಉತ್ತರಕ್ಕೆ ಕಾದದ್ದು

ಈ ಊರಿನಲ್ಲಿ ನನ್ನ ತಮ್ಮನ ಮೌನಕ್ಕೆ ಮೊದಲು ಸೋತವರು ನಮ್ಮ ಮನೆಯ ಮಾಲೀಕರಾದ ಸಿದ್ದೇಗೌಡರು. ಧಾರವಾಡದಿಂದ ಬಂದಿಳಿದು, ಪೆಟ್ಟಿಗೆಗಳನ್ನು ಜಗಲಿಯ ಮೇಲಿಟ್ಟು, ಇನ್ನೂ ಮುಖ ತೊಳೆಯದೆ ನಿಂತಿದ್ದೆವು. ಬಾಡಿಗೆಯ ಮಾತನ್ನು ಪತ್ರದಲ್ಲಿ ಆಡಿ ಮುಗಿಸಿದವಳು ನಾನಾದರೂ, ಗೌಡರು ಗಂಡಸಾದ ವಸಂತನತ್ತಲೇ ತಿರುಗಿ ಮನೆಯ ಕಟ್ಟಳೆಗಳನ್ನು ವಿವರಿಸತೊಡಗಿದರು.

"ನೋಡಿ ಸಾಮಿ, ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಆಕ್ಬುಡ್ತೀನಿ. ಆಯ್ತಾ?"

ವಸಂತ ಗೌಡರ ಹೆಗಲ ಮೇಲಿನ ಟವೆಲಿನ ಅಂಚನ್ನು ನೋಡುತ್ತ ನಿಂತ.

"ಸರಿ ಬುಡಿ, ಅತ್ತು ಗಂಟೆ ಮಾಡ್ಕಳನ."

ಅವನು ಈಗಲೂ ಟವೆಲಿನ ಅಂಚನ್ನೇ ನೋಡುತ್ತಿದ್ದ.

"ಬಲೇ ಗಟ್ಟಿ ಆಸಾಮಿ ಕಣ್ರೀ ನೀವು! ತಗಳಿ, ಒಂದು ಬೀಗದ ಕೈ ನಿಮ್ಮತ್ರಾನೇ ಇರ್ಲಿ. ಯಾವಾಗಾದ್ರೂ ಬನ್ನಿ, ಯಾವಾಗಾದ್ರೂ ಓಗಿ. ಇನ್ನೇನ್ ಮಾಡ್ಲಿ ನಾನು?"

ಬೀಗದ ಕೈ ತಮ್ಮನ ಅಂಗೈ ಸೇರಿತು. ಪೆಟ್ಟಿಗೆಗಳನ್ನು ಒಳಗೆ ಸಾಗಿಸುವಷ್ಟರಲ್ಲಿ ಅವನ ಉತ್ತರವೂ ಬಂತು: "ಆತು. ಒಂಬತ್ತಕ್ಕ."

ಗೌಡರು ನನ್ನ ಮುಖ ನೋಡಿದರು. ಹೊಂಗನೂರಿನಲ್ಲಿ ರೇಷ್ಮೆ ಬೆಳೆದು, ಗೂಡಿನ ಹರಾಜಿನಲ್ಲಿ ಪಳಗಿದವರು ಅವರು. ಎದುರಿನವನು ಸುಮ್ಮನಿದ್ದರೆ ಹೇಳಿದ್ದು ಅವನಿಗೆ ಸಾಲದೆಂದು ಅರ್ಥ. ಇದು ಅವರ ರಕ್ತದಲ್ಲಿದ್ದ ತಿಳಿವಳಿಕೆ. ಸುಮ್ಮನಿರುವವನು ಇನ್ನೂ ಪ್ರಶ್ನೆಯ ಒಳಗೇ ಇರಬಹುದೆಂಬುದು ಮಾತ್ರ ಅವರಿಗೆ ಹೊಸದು.

ಇದು ನಡೆದದ್ದು 2004ರ ಜೂನ್‌ನಲ್ಲಿ ಎಂದು ನಾನು ಬಹುಕಾಲ ಹೇಳುತ್ತ ಬಂದಿದ್ದೆ. ಅಡುಗೆ ಅನಿಲದ ವರ್ಗಾವಣೆ ಚೀಟಿ ಜುಲೈ ಎನ್ನುತ್ತದೆ. ಧಾರವಾಡದ ನಮ್ಮ ಹಾಲಿನವನ ನೆನಪು ಮೇ ಎನ್ನುತ್ತದೆ. ಜೀವಮಾನವೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆದವಳಾದ್ದರಿಂದ ಚೀಟಿಯನ್ನೇ ನಂಬುತ್ತೇನೆ; ಹಾಲಿನವನನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತೇನೆ. ನಿವೃತ್ತಿಯ ಬಳಿಕ ಮಾಗಡಿ ತಾಲ್ಲೂಕಿನ ಕಲ್ಯ ಮತ್ತು ಆಸುಪಾಸಿನ ಶಾಸನಗಳನ್ನು ಮತ್ತೊಮ್ಮೆ ಕಣ್ಣಾರೆ ಓದಬೇಕೆಂದು ಎರಡು ವರ್ಷದ ಮಟ್ಟಿಗೆ ಹೊರಟವಳು ನಾನು. ಅವ್ವ ತೀರಿಕೊಂಡಂದಿನಿಂದ ವಸಂತ ನನ್ನೊಡನೆಯೇ ಇರುವವನು. ಆದ್ದರಿಂದ ಅವನೂ ಬಂದ. ಆಗ ಚನ್ನಪಟ್ಟಣವು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ಎರಡು ವರ್ಷ ಕಳೆದರೂ ಶಾಸನಗಳು ಮುಗಿಯಲಿಲ್ಲ; 2007ರಲ್ಲಿ ರಾಮನಗರವೇ ಜಿಲ್ಲೆಯಾದಾಗ ನಾವಿಬ್ಬರೂ ಕುರ್ಚಿಯಿಂದ ಏಳದೆಯೇ ಇನ್ನೊಂದು ಜಿಲ್ಲೆಗೆ ವಲಸೆ ಹೋದೆವು. ನಾನು ಕೈಗೊಂಡ ವಲಸೆಗಳಲ್ಲಿ ಸಾಮಾನು ಕಟ್ಟದೆ ನಡೆದದ್ದು ಅದೊಂದೇ.

ವಸಂತನಿಗೆ ಆಟಿಸಂ ಇದೆ. ಅವನು ನಡುವಯಸ್ಸಿಗೆ ಬಂದ ಮೇಲೆ ವೈದ್ಯೆಯೊಬ್ಬರು ಈ ಹೆಸರು ಹೇಳಿದರು. ಅದಕ್ಕೂ ಮುನ್ನ ನಮ್ಮ ಓಣಿ ಅವನಿಗೆ ಕೊಟ್ಟಿದ್ದ ಹೆಸರುಗಳನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ಆಟಿಸಂ ಇರುವವರೆಲ್ಲರೂ ಹೀಗೆಯೇ ಎಂದು ನಾನು ಹೇಳಲಾರೆ; ನಾನು ಹತ್ತಿರದಿಂದ ಬಲ್ಲದ್ದು ಒಬ್ಬನನ್ನು. ಅವನ ಕಿವಿ ನನ್ನ ಕಿವಿಗಿಂತ ಚುರುಕು. ಆದರೆ ಕೇಳಿದ ಸದ್ದು ಮಾತಾಗಿ ತಿಳಿಯಲು ಅವನಿಗೆ ಒಂದಷ್ಟು ಹೊತ್ತು ಬೇಕು. ತಿಳಿದದ್ದಕ್ಕೆ ಉತ್ತರ ಒದಗಿ ಬಾಯಿಗೆ ಬರಲು ಮತ್ತಷ್ಟು ಹೊತ್ತು. ಈ ನಡುವೆ ಯಾರಾದರೂ ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳಿದರೆ ಅವನ ಪಾಲಿಗೆ ಅದು ಬೇರೆ ಪ್ರಶ್ನೆ. ಮುಕ್ಕಾಲು ದಾರಿ ನಡೆದು ಬಂದವನು ಮತ್ತೆ ಮನೆಯಿಂದ ಹೊರಡಬೇಕಾಗುತ್ತದೆ.

ಇಂಥವನನ್ನು ನಾನು ಕರೆತಂದದ್ದು ಎಂಥ ಊರಿಗೆ! ಧಾರವಾಡದಲ್ಲಿ ಎದುರಾದವರು "ಆರಾಮ?" ಎನ್ನುತ್ತಾರೆ; ಉತ್ತರ ಕೇಳಲು ನಿಲ್ಲುವವರು ಅಪರೂಪ. ಇಲ್ಲಿ ಕುಶಲವೆಂಬುದು ಪಾಟೀ ಸವಾಲು. ಮೊದಲ ಬೆಳಿಗ್ಗೆ ವಸಂತ ಹಾಲು ತರಲು ಹೊರಟಾಗ ಒಬ್ಬರು "ತಿಂಡಿ ಏನ್ ಸಾಮಿ?" ಎಂದರು. ಇನ್ನೊಬ್ಬರು "ಯಾವೂರಾಯ್ತು?" ಎಂದರು. ಅವರಿಗೆ "ಉಪ್ಪಿಟ್ಟು" ಎಂಬ ಉತ್ತರ ಸಿಕ್ಕಿತು. ಬೀದಿಯ ತುದಿಯಲ್ಲಿ "ಎಲ್ಲಿಗೆ ಒಂಟ್ರಿ?" ಎಂದವರಿಗೆ "ಧಾರವಾಡ" ಎಂದ. ಅವರು ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ನೋಡಿ ಬಹಳ ಹೊತ್ತು ಯೋಚಿಸಿದರಂತೆ. ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ. ಎಲ್ಲವೂ ಒಂದೊಂದು ಮನೆ ಹಿಂದೆ ಬಿದ್ದಿದ್ದವು.

ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಆ ವರ್ಷಗಳಲ್ಲಿ ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಪಾಳಿಯ ಬಸ್ಸುಗಳು ಬೆಳಿಗ್ಗೆ ಮತ್ತು ಸಂಜೆ ಸಾಲುಗಟ್ಟಿ, ಹಾರ್ನು ಬಾರಿಸುತ್ತ ಹೋಗುತ್ತಿದ್ದವು. ಆ ಸದ್ದಿನಲ್ಲಿ ಯಾರು ಏನು ಹೇಳಿದರೂ ವಸಂತನಿಗೆ ಅದು ಮಾತಾಗುತ್ತಿರಲಿಲ್ಲ. ಆದ್ದರಿಂದ ನಮ್ಮ ಮನೆಯ ಮುಖ್ಯ ವಿಚಾರಗಳೆಲ್ಲ ಎರಡು ಪಾಳಿಗಳ ನಡುವೆ ತೀರ್ಮಾನವಾಗುತ್ತಿದ್ದವು. ಕಾರ್ಖಾನೆಯ ಮೆಟ್ಟಿಲು ಹತ್ತದವರ ಪೈಕಿ ಅದರ ವೇಳಾಪಟ್ಟಿಯನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ತಾಲ್ಲೂಕಿನಲ್ಲಿ ಇರಲಾರರು.

ನನ್ನ ಕಷ್ಟಗಳು ಬೇರೆಯವು. ರೊಟ್ಟಿ ಜಗಿದು ಬೆಳೆದ ದವಡೆಗೆ ರಾಗಿಮುದ್ದೆ ಒಗ್ಗಲಿಲ್ಲ. ಅದನ್ನು ಜಗಿಯಬಾರದು, ನುಂಗಬೇಕು ಎಂದು ಗೌಡರ ಮನೆಯವರೆಲ್ಲ ಸುತ್ತ ಕೂತು ಪಾಠ ಹೇಳಿದರು. ವಸಂತ ಮೊದಲ ದಿನವೇ ನುಂಗಿದ; ನನಗೆ ಒಂದು ಮಳೆಗಾಲ ಹಿಡಿಯಿತು. ಇಲ್ಲಿ 'ಒಸಿ' ಎಂಬ ಮಾತಿದೆ. 'ಸ್ವಲ್ಪ' ಎಂದು ಅರ್ಥ. "ಒಸಿ ಸಾರು ಬುಡ್ಲಾ?" ಎಂದು ಕೇಳಿ ತಟ್ಟೆಯನ್ನು ಕೆರೆ ಮಾಡುತ್ತಾರೆ. ಈ ಪದದ ಪ್ರಮಾಣವನ್ನು ನಿರ್ಧರಿಸಲು ನಾನು ಹಲವು ಮನೆಗಳಲ್ಲಿ ಪ್ರಯತ್ನಿಸಿದೆ. ಆಧಾರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಪಕ್ಕದ ಮನೆಯ ಮೆಹರುನ್ನೀಸಾಳದು ಬೊಂಬೆ ಮಾಡುವ ಕುಟುಂಬ. ಹಿತ್ತಲಲ್ಲಿ ಗಂಡ ಮರ ಕಡೆಯುತ್ತಿದ್ದ; ಮುಂದಿನ ಕೋಣೆಯಲ್ಲಿ ಇವಳು ಅರಗಿನ ಬಣ್ಣದ ಬಳೆಗಳನ್ನು ಕೋಲಿಗೆ ಪೋಣಿಸಿ ಮಕ್ಕಳ ಆಟಿಕೆ ಸಿದ್ಧ ಮಾಡುತ್ತಿದ್ದಳು. ವಸಂತ ಒಂದು ದಿನ ಹೋಗಿ ಕುಳಿತು ಪೋಣಿಸತೊಡಗಿದ. ಆಮೇಲೆ ಅದೇ ಅವನ ಕೆಲಸವಾಯಿತು. ಅವಳು ಏನಾದರೂ ಕೇಳಿದರೆ ಒಮ್ಮೆ ಕೇಳಿ ತನ್ನ ಕೆಲಸಕ್ಕೆ ತಿರುಗುತ್ತಿದ್ದಳು. ಅದೇನೂ ಉಪಾಯವಲ್ಲ; ಅವಳಿಗೆ ಎರಡನೆಯ ಸಲ ಕೇಳಲು ಪುರುಸೊತ್ತಿರಲಿಲ್ಲ. ಧಾರವಾಡದಲ್ಲಿ ಹಿಂದೆಂದೂ ನಾನು ಕೇಳದಷ್ಟು ವಸಂತನ ಮಾತು ಆ ಕೋಣೆಯಿಂದ ಕೇಳಿಬರುತ್ತಿತ್ತು.

ಹೀಗಿರುವಾಗ, 2009ರ ಬೇಸಿಗೆಯಲ್ಲಿ, ಚಿಕ್ಕಪ್ಪನ ಮಗಳು ಸುಧಾ ಧಾರವಾಡದಿಂದ ಫೋನು ಮಾಡಿದಳು. (ಬಂದ ಕರೆ ಬಿಲ್ಲಿನಲ್ಲಿ ದಾಖಲಾಗುವುದಿಲ್ಲ, ನಾನು ತಿರುಗಿ ಮಾಡಿದ ಕರೆಯಿಂದ ಈ ಕಾಲವನ್ನು ಊಹಿಸಿದ್ದೇನೆ.)

"ಅಕ್ಕಾ, ನಮ್ಮ ಕೆಳಗಿನ ಮನಿ ಖಾಲಿ ಆತು. ಇಬ್ಬರೂ ವಾಪಸ್ ಬಂದುಬಿಡ್ರಿ. ರವಿವಾರದೊಳಗ ಹೇಳು, ಇಲ್ಲಂದ್ರ ಬ್ಯಾಂಕಿನವರಿಗೆ ಕೊಡತೇನಿ."

ನನಗೆ ಹೋಗಬೇಕಿತ್ತು. ನನ್ನ ಗ್ರಂಥಾಲಯ, ನನ್ನ ಗೆಳತಿಯರು, ವಿವರಣೆ ಬೇಡದ ನನ್ನ ಮಾತು ಎಲ್ಲವೂ ಅಲ್ಲಿದ್ದವು. ಆದರೆ ಮನೆಯ ವಿಚಾರವನ್ನು ವಸಂತನನ್ನು ಕೇಳದೆ ತೀರ್ಮಾನಿಸುವ ರೂಢಿ ನಮ್ಮಲ್ಲಿಲ್ಲ. ಸಂಜೆಯ ಬಸ್ಸುಗಳು ದಾಟಿದ ಮೇಲೆ ಒಮ್ಮೆ, ಒಮ್ಮೆ ಮಾತ್ರ, ಕೇಳಿದೆ: "ವಸಂತಾ, ಧಾರವಾಡಕ್ಕ ವಾಪಸ್ ಹೋಗೂಣೇನು, ಇಲ್ಲೇ ಇರೂಣೇನು?" ಕೇಳಿ, ಒಳಗೆ ಹೋಗಿ ಅಲಸಂದೆಕಾಯಿ ಬಿಡಿಸುತ್ತ ಕುಳಿತೆ. 'ಹೋಗೂಣು' ಎನ್ನಲಿ ಎಂದು ಪ್ರತಿ ಕಾಯಿಯೊಡನೆ ಹಾರೈಸಿದೆ.

ಗೇಟಿನ ಬಳಿಯಿದ್ದ ಗೌಡರಿಗೆ ಇದು ಕೇಳಿಸಿತ್ತು. ಬೆಳಗಾಗುವಷ್ಟರಲ್ಲಿ ಇಡೀ ಬೀದಿಗೆ ತಿಳಿದಿತ್ತು. ನಾನು ಹೊರಬಂದು ಕೈಮುಗಿದೆ: "ಯಾರೂ ಅವಗ ಏನೂ ಕೇಳಬ್ಯಾಡ್ರಿ. ಉತ್ತರ ಬರೂತನಕ ಬ್ಯಾರೆ ಪ್ರಶ್ನೆ ಬ್ಯಾಡ."

"ಕೇಳ್ದೆ ಮಾತಾಡ್ಸೋದು ಎಂಗೆ ಮೇಡಮ್ಮೋರೆ?" ಎಂದರು ಗೌಡರು.

"ಪ್ರಶ್ನೆ ಇಲ್ಲದ ಮಾತು ಆಡ್ರಿ."

"ಅಂಗಂದ್ರೆ?"

ಮೆಹರುನ್ನೀಸಾ ನಕ್ಕಳು: "ನೋಡಿ, ಮತ್ತೆ ಕೇಳಿದ್ರು!"

ಪ್ರಶ್ನೆಯೇ ನಮಸ್ಕಾರವಾಗಿರುವ ಊರಿಗೆ ಇದು ಉಪವಾಸಕ್ಕಿಂತ ಕಠಿಣ ವ್ರತ. ಮರುದಿನ ಗೌಡರು ಗೇಟಿನಲ್ಲಿ ನೆಟ್ಟಗೆ ನಿಂತು, ಕೋರ್ಟಿನ ನೋಟೀಸು ಓದುವವರಂತೆ, "ವಸಂತಣ್ಣ, ಊಟ... ಆಗಿರ್ತದೆ. ಬಿಸ್ಲು... ಐತೆ" ಎಂದು ಹೇಳಿ ಬೆವರು ಒರೆಸಿಕೊಂಡರು. ಅಂಗಡಿಯವನು ಅವನಿಗೆ ಏನು ಬೇಕೆಂದು ಕೇಳದೆ ತನಗೆ ತೋಚಿದ್ದನ್ನೆಲ್ಲ ಕಟ್ಟಿಕೊಟ್ಟ. ನಮ್ಮ ಮನೆಯಲ್ಲಿ ಆ ವಾರ ಇಸಬಗೋಲು ಕೂಡ ಬಂದು ಸೇರಿತು.

ವಾರದ ನಡುವೆ ವ್ರತಭಂಗವಾಯಿತು. ವಸಂತ ಜಗಲಿಯಲ್ಲಿ ಕುಳಿತಿದ್ದ; ತುಟಿ ಆಡುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಆಗ ಗೌಡರು ತಡೆಯಲಾರದೆ ಕೂಗಿದರು: "ಓಯ್ತೀರೇನಣ್ಣೋ, ನಮ್ಮನ್ ಬುಟ್ಟು?"

ತುಟಿ ನಿಂತಿತು. ವಸಂತನ ಕಣ್ಣು ಗೌಡರ ಟವೆಲಿನ ಕಡೆ ಹೊರಳಿತು.

"ಗೌಡ್ರೇ!" ಮೆಹರುನ್ನೀಸಾ ಕೈಯಲ್ಲಿ ಹಳದಿ ಬಳೆ ಹಿಡಿದೇ ಓಡಿಬಂದಳು. "ಭಾಯ್ ಬಾಯಿಗೆ ಉತ್ತರ ಬಂದಿತ್ತು! ಎಲ್ಲಾ ಹಾಳ್ ಮಾಡ್ಬುಟ್ರಲ್ಲ!"

"ನಾನೇನ್ ಮಾಡ್ದೆ ಕಣಮ್ಮ. ಒಸಿ ಕೇಳ್ದೆ."

"ನಿಮ್ ಒಸಿ ಎಷ್ಟು ಅಂತ ಬೀದಿಗೆಲ್ಲಾ ಗೊತ್ತು."

"ಐದು ವರ್ಸ ಕಣಮ್ಮ," ಗೌಡರ ದನಿ ಇಳಿಯಿತು. "ಇರ್ತಾನೋ ಓಯ್ತಾನೋ ಅಂದ್ರೆ ನಂಗೂ ಒಟ್ಟೆ ಉರಿಯಲ್ವಾ?"

ಮೆಹರುನ್ನೀಸಾ ಹಳದಿ ಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತನ್ನ ಕೋಣೆಗೆ ಮರಳಿದಳು.

ಭಾನುವಾರ ಕಾರ್ಖಾನೆಯ ಬಸ್ಸುಗಳಿಲ್ಲ. ಸುಧಾ ಬೆಳಿಗ್ಗೆಯೇ ಫೋನು ಮಾಡಿ "ಏನಂದಾ?" ಎಂದಳು. ಇನ್ನೂ ಅಂದಿಲ್ಲವೆಂದೆ. "ಅವನ ಪರವಾಗಿ ನೀನಽ ಹೇಳಿಬಿಡು!" ಎಂದಳು. ಸಂಜೆಯವರೆಗೆ ಕಾಯಲು ಹೇಳಿ ಇಟ್ಟೆ. ಮಧ್ಯಾಹ್ನ ಊಟವಾಯಿತು. ವಸಂತ ಕೈ ತೊಳೆದು ಬಂದು, ಒಂದೊಂದೇ ಮಾತನ್ನು ಆರಿಸಿ ಇಟ್ಟ ಹಾಗೆ ಹೇಳಿದ:

"ನೀ ಹೋಗಿ ಬಾ, ಅಕ್ಕಾ. ನಾ ಇಲ್ಲೇ ಇರ್ತೀನಿ."

ನಾನು ಎರಡು ಆಯ್ಕೆ ಕೊಟ್ಟಿದ್ದೆ. ಅವನು ಮೂರನೆಯದನ್ನು ಕಂಡುಕೊಂಡಿದ್ದ. ನನ್ನ ಪ್ರಶ್ನೆಯಲ್ಲಿದ್ದ ನಾವಿಬ್ಬರೂ ಅವನ ಉತ್ತರದಲ್ಲಿ ಬೇರೆ ಬೇರೆಯಾಗಿದ್ದೆವು. ಒಬ್ಬನೇ ಹೇಗಿರುತ್ತೀ, ಊಟಕ್ಕೇನು, ಜ್ವರ ಬಂದರೆ ಯಾರು ಎಂದು ನಾಲಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ನಾನು ಹಾಕಿದ ಕಟ್ಟಳೆ ನನಗೂ ಅನ್ವಯಿಸಬೇಕಲ್ಲ. ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದ.

"ಮೆಹರುನ್ನೀಸಾ ಅನ್ನ ಕೊಡ್ತಾಳ. ಗೌಡ್ರು ದವಾಖಾನಿಗೆ ಕರಕೊಂಡು ಹೋಗ್ತಾರ. ನೀ ಮಳಿಗಾಲಕ್ಕ ಬಾ."

ಅಷ್ಟು ದಿನವೂ ಅವನು ಬರಿಯ ಉತ್ತರವನ್ನು ಹುಡುಕುತ್ತಿರಲಿಲ್ಲ. ಮನಸ್ಸಿನಲ್ಲೇ ಮನೆ ನಡೆಸುವ ಏರ್ಪಾಡನ್ನು ಮಾಡುತ್ತಿದ್ದ. ಕಾಂಪೌಂಡಿನ ಆಚೆಯಿಂದ, ಗೋಡೆಗೆ ಕಿವಿಯಿಟ್ಟವರಿಗೆ ಮಾತ್ರ ಸಾಧ್ಯವಾದ ವೇಗದಲ್ಲಿ, ಗೌಡರ ಕೂಗು ಎದ್ದಿತು: "ಇರ್ತಾರಂತೆ ಕಣಮ್ಮೋ!"

ನಾನು ಸೆರಗಿನಲ್ಲಿ ಕೈ ಒರೆಸಿಕೊಂಡೆ. ಕಣ್ಣನ್ನೂ ಒರೆಸಿಕೊಂಡೆ.

ಸುಧಾಳ ಕೆಳಮನೆಯನ್ನು ಬ್ಯಾಂಕಿನವರಿಗೆ ಬಿಟ್ಟು, ಅವಳ ಮಹಡಿಯ ಒಂದು ಕೋಣೆಯನ್ನು ನಾನು ಪಡೆದೆ. ಅಂದಿನಿಂದ ವರ್ಷದ ಅರ್ಧ ಅಲ್ಲಿ, ಅರ್ಧ ಇಲ್ಲಿ. ಧಾರವಾಡದಲ್ಲಿ ಗೆಳತಿಯರು ಚಹಾ ಕೊಟ್ಟು "ಮತ್ತ, ಊರಿಗೆ ಯಾವಾಗ ಹೋಗತೀ?" ಎಂದು ಕೇಳುತ್ತಾರೆ, ಚನ್ನಪಟ್ಟಣ ಎಂದು ಅವರ ಅರ್ಥ. ಚನ್ನಪಟ್ಟಣದಲ್ಲಿ ಬಸ್ಸಿಳಿದು ಚೀಲವನ್ನು ಕೆಳಗಿಡುವ ಮೊದಲೇ ಗೌಡರು "ಊರ್ಗೆ ಯಾವಾಗ ಓಯ್ತೀರಿ ಮೇಡಮ್ಮೋರೆ?" ಎನ್ನುತ್ತಾರೆ, ಧಾರವಾಡ ಎಂದು ಅವರ ಅರ್ಥ. ಎರಡೂ ಕಡೆ ನಾನು ಲೆಕ್ಕ ಹಾಕಿ, ತಿಂಗಳು ಹೇಳಿ, ಆಮೇಲೆ ತಿದ್ದುತ್ತೇನೆ.

ವಸಂತನನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ.