ಮದುವೆ ಮೆರವಣಿಗೆಯಲ್ಲಿ ಕೈಗೆ ಬಂದ ಕಮಾನು

ಇದು ಕಳೆದ ಬೇಸಿಗೆಯಲ್ಲಿ ನಡೆದದ್ದು. ಧಾರವಾಡದವಳಾದ ನಾನು ವಿದೇಶದ ಟೌರಂಗಾ ಎಂಬ ಕಡಲತೀರದ ಊರಿನಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದ ಬ್ರಿಟ್ಟಾ ಎಂಬ ಸ್ವೀಡನ್ ಮೂಲದ ಅಜ್ಜಿ ನನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದರೂ ಕೈ ಮರಗಟ್ಟಿದಂತಿತ್ತು. ವ್ಯಾಯಾಮ ಹೇಳಿಕೊಟ್ಟರೆ, "ಈ ಚೆಂಡು ಹಿಸುಕಿ ನನಗೇನಾಗ್ಬೇಕು? ಮೊಮ್ಮಗಳ ಮದುವೇಲಿ ನುಡಿಸ್ಬೇಕು, ಅಷ್ಟೆ" ಎನ್ನುತ್ತಿದ್ದರು.

"ಹಾಗಾದ್ರೆ ನಿಮ್ಮ ವಾದ್ಯಾನೇ ತನ್ನಿ" ಎಂದೆ.

ಮುಂದಿನ ಸಲ ತಂದರು. ನಿಕೆಲ್‌ಹಾರ್ಪಾ ಎಂದು ಅದರ ಹೆಸರು, ಅವರ ಊರ ಕಡೆಯ ಹಳೆಯ ವಾದ್ಯ. ಪಿಟೀಲಿಗಿಂತ ಉದ್ದ, ಕುತ್ತಿಗೆಯ ಬದಿಗೆ ಮರದ ಕೀಲಿಗಳ ಸಾಲು. ಎಡಗೈಯಲ್ಲಿ ಕೀಲಿ ಒತ್ತುತ್ತ ಬಲಗೈಯಲ್ಲಿ ಗಿಡ್ಡ ಕಮಾನು ಎಳೆಯಬೇಕು. ಮೇಲಿನ ತಂತಿ ನುಡಿದರೆ ಅಡಿಯ ಸಣ್ಣ ತಂತಿಗಳೂ ತಾವಾಗಿಯೇ ಮಿಡಿಯುತ್ತವೆ, ನಮ್ಮ ಸಾರಂಗಿಯ ಹಾಗೆ. ಕಾಲೇಜಿನವರೆಗೆ ನಾನೂ ಪಿಟೀಲು ಕಲಿತಿದ್ದೆ, ಆಮೇಲೆ ಕೆಲಸ, ಮನೆ ಅಂತ ಬಿಟ್ಟುಹೋಗಿತ್ತು. ಅದನ್ನು ಅಜ್ಜಿಗೆ ಹೇಳಿದೆ.

ಅಂದಿನಿಂದ ಕಮಾನು ಎಳೆಯುವುದೇ ಅವರ ವ್ಯಾಯಾಮವಾಯಿತು. ಮದುವೆಗೆ ನಮ್ಮನ್ನೂ ಕರೆದರು. ರೇಷ್ಮೆ ಸೀರೆ ಉಟ್ಟು ಗಂಡ ಬಸವರಾಜನ ಜೊತೆ ಹೋದೆ.

ಸಮುದ್ರದಂಡೆಯ ಹಾಲ್. ಮದುಮಗಳು ಬಾಗಿಲಲ್ಲಿ ಬಂದು ನಿಂತಳು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಮದುಮಗಳನ್ನು ಕರೆತರುವ ಹಳೆಯ ಧಾಟಿ ಶುರು ಮಾಡಿದರು. ಅವಳು ಅರ್ಧ ದಾರಿ ಬಂದಿರಬೇಕು, ಕಮಾನು ನಿಂತುಬಿಟ್ಟಿತು. ಅಜ್ಜಿಯ ಮುಖ ನೋವಿಗೆ ಬಿಳಿಚಿಕೊಂಡಿತ್ತು. ಹುಡುಗಿಯೂ ನಿಂತಳು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ನಾನು ಅವರ ಕೈ ನೋಡಲು ಓಡಿದೆ. ಅವರು ಕಮಾನನ್ನೇ ನನ್ನ ಕೈಗಿಟ್ಟರು.

"ಕೀಲಿ ನಾನು ಒತ್ತುತೀನಿ. ನೀನು ಎಳಿ."

"ನಂಗೆ ಈ ಟ್ಯೂನ್ ಬರಲ್ಲ!"

"ನಂಗೆ ಬರುತ್ತಲ್ಲ, ಸಾಕು."

ಹಿಂದಿನಿಂದ ಬಸವರಾಜ, "ಏನ್ ನೋಡ್ಕೋತ ನಿಂತಿ? ಹುಡುಗಿ ಕಾಯಾಕತ್ತಾಳ, ಬಾರ್ಸು" ಎಂದ.

ಸೀರೆ ಸಮೇತ ಮೊಣಕಾಲೂರಿ ಕೂತು ಎಳೆದೆ. ಮೊದಲು ಕಿರ್ರ್ ಎಂದಿತು. ನನ್ನ ಕಿವಿ ಬಿಸಿಯಾಯಿತು. ಅಜ್ಜಿ ತಲೆದೂಗುತ್ತ ಎಲ್ಲಿ ಉದ್ದ, ಎಲ್ಲಿ ಗಿಡ್ಡ ಎಂದು ತೋರಿಸಿದರು. ಅವರ ತಲೆಯನ್ನೇ ನೋಡುತ್ತ ಎಳೆಯತೊಡಗಿದೆ. ಸ್ವರಗಳು ಒಂದಕ್ಕೊಂದು ಕೂಡಿಕೊಂಡವು, ಅಡಿಯ ತಂತಿಗಳೂ ಎದ್ದು ದನಿಗೂಡಿಸಿದವು. ಹುಡುಗಿ ಅಳುತ್ತ ನಗುತ್ತ ನಮ್ಮ ಮುಂದೆಯೇ ಹಾದುಹೋದಳು.

ಅಜ್ಜಿಯ ಕೈ ಈಗ ಬಹಳ ಮಟ್ಟಿಗೆ ಗುಣವಾಗಿದೆ. ಮೊನ್ನೆ ಅವರ ಮನೆಗೆ ಹೋದಾಗ ಅದೇ ಧಾಟಿಯನ್ನು ಒಬ್ಬರೇ ಪೂರ್ತಿ ನುಡಿಸಿದರು. ಆಮೇಲೆ ವಾದ್ಯದ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿ, "ಇನ್ನು ಕೀಲಿ ಕಲಿ" ಎಂದರು. ಈ ವಯಸ್ಸಿನಲ್ಲಿ ನಾನು ಮತ್ತೆ ಶಿಷ್ಯೆಯಾಗಿದ್ದೇನೆ. ಸೋಮವಾರವೇ ಶನಿವಾರದ ಪಾಠಕ್ಕೆ ಕಾಯತೊಡಗುತ್ತೇನೆ.