ಉಳಿದ ಮೂರು ಸಾಲು

ಮೊನ್ನೆ ನುಂಗಂಬಾಕ್ಕಂನ ಹೋಟೆಲೊಂದರಲ್ಲಿ ಕಾಫಿ ಆರಲೆಂದು ಕಾಯುತ್ತಿದ್ದಾಗ ನನ್ನ ಮಗಳು ಚಮಚದಿಂದ, ಲೋಟದಡಿಯ ಬಟ್ಟಲು, ಡಬರಾದ ಅಂಚನ್ನು ತಟ್ಟಿದಳು. ಟಿಣ್... ಹಿತ್ತಾಳೆಯ ಆ ದನಿ ಅಡಗುವ ತನಕ ಕೇಳುತ್ತ ಕೂತೆ. "ಇದು ಗುರು" ಎಂದು ಯಾರೋ ಕಿವಿಯ ಹತ್ತಿರ ಹೇಳಿದಂತಾಯಿತು.

ಹಾಗೆ ಹೇಳುತ್ತಿದ್ದವರು ನಮ್ಮ ಮಾಸ್ಟ್ರು. ಊರಲ್ಲಿ ಕನ್ನಡ ಪಂಡಿತರಾಗಿದ್ದು, ನಿವೃತ್ತರಾದ ಮೇಲೆ ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದ ತಮ್ಮನ ಮನೆಗೆ ಬಂದವರು. ಭಾನುವಾರ ಊಟದ ಗದ್ದಲ ಮುಗಿದು ತಿಂಡಿಯ ಗದ್ದಲ ಶುರುವಾಗುವ ನಡುವೆ, ಹೋಟೆಲಿನ ಮಹಡಿಯಲ್ಲಿ ಕರಾವಳಿಯಿಂದ ಈ ತಮಿಳು ಊರಿಗೆ ಬಂದು ನೆಲೆಸಿದ ನಮ್ಮಂಥ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಡುತ್ತಿದ್ದರು. ನಮಗೋ ತಮಿಳು ಸಲೀಸು, ಕನ್ನಡ ಬರೀ ಅಮ್ಮನಿಂದ ಬೈಸಿಕೊಳ್ಳುವ ಭಾಷೆ.

ಡಬರಾವನ್ನು ಉಗುರಿನಿಂದ ತಟ್ಟಿ ತಕ್ಷಣ ಬೆರಳೊತ್ತಿದರೆ ಲಘು, ಒಂದು ಮಾತ್ರೆ. ದನಿಯನ್ನು ಹರಿಯಲು ಬಿಟ್ಟರೆ ಗುರು, ಎರಡು. ಇಡ್ಲಿ ಮಲ್ಲಿಗೆಯ ಹಾಗಿದೆ ಎಂದರೆ ಉಪಮೆ, ಇಡ್ಲಿಯೇ ಮಲ್ಲಿಗೆ ಎಂದರೆ ರೂಪಕ. ಹಾಗೆನ್ನಲು ತಮ್ಮನ ಇಡ್ಲಿ ಇನ್ನಷ್ಟು ಮೆತ್ತಗಾಗಬೇಕು ಎಂದು ನಗುತ್ತಿದ್ದರು. ಇಂಗ್ಲಿಷ್ ಪದ್ಯದ ಪ್ರಾಸವನ್ನು ಸಾಲಿನ ಕೊನೆಯಲ್ಲಿ ಹುಡುಕಿ ಅಭ್ಯಾಸವಾಗಿದ್ದ ನಮಗೆ, ಹಳೆಯ ಕನ್ನಡ ಪದ್ಯದಲ್ಲಿ ಅದು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ ಎಂದು ತಲೆಗೆ ಹೋಗುವಷ್ಟರಲ್ಲಿ ಅವರಿಗೆ ಸಾಕುಬೇಕಾಗಿತ್ತು.

ಅವರದೊಂದು ಪದ್ಧತಿಯಿತ್ತು. ತಮ್ಮಲ್ಲಿ ಕಲಿತವರ ಮದುವೆಗೆ ಮುಯ್ಯಿಯ ಬದಲು ಒಂದು ಭಾಮಿನಿ ಷಟ್ಪದಿ ಕಟ್ಟಿ ಹಾಡುವುದು. ಆರು ಸಾಲು, ಮೂರನೆಯದೂ ಆರನೆಯದೂ ಉದ್ದ, ಅವುಗಳ ಕೊನೆಗೊಂದು ಗುರು. ಕಾಗದ ಮುಟ್ಟುತ್ತಿರಲಿಲ್ಲ, ಎಲ್ಲ ಬಾಯಲ್ಲೇ.

ನನ್ನ ಮದುವೆಯಲ್ಲೂ ತಾಳಿ ಕಟ್ಟಿದ ಮೇಲೆ ಎದ್ದು ನಿಂತರು.

ಕಡಲ ತಡಿಯಿಂ ಬಂದ ಮಗಳೇ
ಪಡೆದ ಮನೆಯಲಿ ಬೆಳಕ ಚೆಲ್ಲುತ
ನಡೆವ ದಾರಿಯೊಳೆಲ್ಲ ಹೂವಿನ ನೆರಳು ನಿನಗಿರಲಿ...

ಮೂರನೆಯ ಸಾಲಿನ ಗುರುವನ್ನು ಎಳೆದು, ಉಸಿರು ತೆಗೆದುಕೊಳ್ಳಲು ನಿಂತರು. ನನ್ನ ಗಂಡನ ಕಡೆಯವರು ತಮಿಳರು. ಅವರ ಸೋದರಮಾವ ಹಾಡು ಮುಗಿಯಿತೆಂದುಕೊಂಡು ಬೆರಳಾಡಿಸಿ ವಾದ್ಯದವರಿಗೆ ಸನ್ನೆ ಮಾಡಿದರು. ಗಟ್ಟಿಮೇಳ ಮೊಳಗಿತು. ಅರ್ಧವಷ್ಟೇ ಆಗಿದೆ ಎಂದು ನನಗೆ ಗೊತ್ತಿತ್ತು. ಕೈಯೆತ್ತಿದ್ದರೆ ನಿಲ್ಲುತ್ತಿತ್ತು. ಆದರೆ ಗಂಡನ ಕಡೆಯ ಹುಡುಗಿಯರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು; ಸದ್ಯ ಮುಗಿಯಿತಲ್ಲ ಎನಿಸಿತು ನನಗೆ. ಹಾಗೆನಿಸಿದ್ದಕ್ಕೇ ಇಂದಿಗೂ ನಾಚಿಕೆಯಾಗುತ್ತದೆ.

ಊಟದ ಹೊತ್ತಿಗೆ ಅವರೇ ನನ್ನನ್ನು ಸಮಾಧಾನ ಮಾಡಲು ಬಂದರು. "ಬೇಜಾರು ಮಾಡ್ಬೇಡ ಮಗಾ. ಉಳಿದ ಮೂರು ಸಾಲು ನನ್ನ ಹತ್ರ ಉಂಟು. ಗಂಡನನ್ನು ಕರ್ಕೊಂಡು ಮನೆಗೆ ಬಾ, ಹೇಳ್ತೇನೆ."

ಊರಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ ನನ್ನ ಆಫೀಸು, ಅಲ್ಲೇ ಮನೆ. ಪುರಸೈವಾಕ್ಕಂ ಇದೇ ಊರಲ್ಲಿದ್ದರೂ ಮುಂದಿನ ವಾರ, ಮುಂದಿನ ಹಬ್ಬ ಎಂದು ದೂಡುತ್ತಲೇ ಹೋದೆ... ಒಮ್ಮೆ ಫೋನಿನಲ್ಲಿ, ಮೆಸೇಜು ಮಾಡಿಬಿಡಿ ಮಾಸ್ಟ್ರೇ ಎಂದೆ. "ಅದು ಕೇಳುದು ಮಾರಾಯ್ತಿ, ಓದುದಲ್ಲ. ನೀನು ಬಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆನೋ ಏನೋ. ಅವರು ತೀರಿಕೊಂಡ ಸುದ್ದಿ ತಿಳಿದಾಗ ಆಫೀಸಿನ ಕ್ಯಾಬ್ ಹತ್ತಿ ಕೂತಿದ್ದೆ.

ಮೊನ್ನೆ ಹೋಟೆಲಿನಲ್ಲಿ ಮಗಳಿಗೆ ಆ ಮೊದಲ ಮೂರು ಸಾಲು ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು. "ಅಪ್ಪುರಂ?" ಎಂದಳು. ಆಮೇಲೆ?

ಆಮೇಲಿನದರ ಅಳತೆಯೆಲ್ಲ ನನಗೆ ಗೊತ್ತು. ನಾಲ್ಕನೆಯ ಸಾಲಿಗೆ ಹದಿನಾಲ್ಕು ಮಾತ್ರೆ, ಎರಡನೆಯ ಅಕ್ಷರ ಡಕಾರ. ಆರನೆಯದರ ಕೊನೆಗೊಂದು ಗುರು. ಅಷ್ಟನ್ನೂ ಡಬರಾದ ಮೇಲೆ ತಟ್ಟಿ ತೋರಿಸಿದೆ. ಅವಳು ಮಾತಿಗಾಗಿ ಕಾಯುತ್ತಲೇ ಇದ್ದಳು.