ಎರಡು ಕುಪ್ಪಿ ಕುದಿಸಿದವಳು

ನಮ್ಮಕ್ಕ ಶಿವಗಾಮಿ ಯಾರಿಗೂ ಸೊಪ್ಪು ಹಾಕಿದವಳಲ್ಲ. ತಮಿಳು ಸೀಮೆಯ ಸಿಂಗಾನಲ್ಲೂರಿನ ಕನ್ನಡ ನೇಕಾರರ ಮನೆಯಿಂದ ಬಿ.ಎಸ್ಸಿ. ಓದಿ, ಕುರಿಚಿಯಲ್ಲಿ ಲಿಂಗಪ್ಪನ್ ಅವರ ಎಣ್ಣೆ ಮಿಲ್ಲಿನ ಪರೀಕ್ಷಾ ಕೋಣೆ ಸೇರಿದಳು. ಅಪ್ಪನ ಮಗ್ಗ ನಿಂತ ಮೇಲೆ ಅವಳ ಸಂಬಳವೇ ನಮಗೆ ಆಧಾರ. ಅದೇ ಮಿಲ್ಲಿನಲ್ಲಿ ಡಬ್ಬ ತುಂಬುತ್ತಿದ್ದ ನಾನು ಎಂಬತ್ತನಾಲ್ಕರ ಆ ದಿನವನ್ನು ಕಣ್ಣಾರೆ ಕಂಡೆ.

ಒಂದು ಗ್ರಾಂ ಎಣ್ಣೆ ಸೋಪಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಶ್ ಹಿಡಿಯುತ್ತದೆಂದು ಅಳೆಯುವುದು ಅಕ್ಕನ ಕೆಲಸ. ಅಪ್ಪಟ ಕೊಬ್ಬರಿ ಎಣ್ಣೆಗೆ ಇನ್ನೂರೈವತ್ತರ ಮೇಲೆ ಬರಬೇಕು. ಸೋಪು ಕಾರ್ಖಾನೆಗೆ ಹೊರಡುವ ಪ್ರತಿ ಟ್ಯಾಂಕರಿಗೂ ಅಳೆದವರ ಸಹಿಯ ಚೀಟಿ ಬೇಕು. ಅಂದು ಬಂದದ್ದು ಇನ್ನೂರ ಮೂವತ್ತೊಂದು. ಯಾರೋ ಅಗ್ಗದ ಪಾಮ್ ಎಣ್ಣೆ ಬೆರೆಸಿದ್ದರು.

ಲಿಂಗಪ್ಪನ್ ಕೂಡ ಮನೆಯಲ್ಲಿ ಕನ್ನಡ ಆಡುವವರೇ. ಕೆಲಸ ಆಗಬೇಕಾದಾಗ ಮಾತ್ರ ಅದು ಅವರಿಗೆ ನೆನಪಾಗುತ್ತಿತ್ತು.

"ಏನಮ್ಮಣೀ, ನಾವೆಲ್ಲಾ ಒಂದೇ ಬಾಸೆಯೋರು. ಇನ್ನೂರೈವತ್ತೆರಡಂತ ಬರ್ದು ಕೈಯೆಳ್ತು ಹಾಕ್ಬುಡು."

"ಬಾಸೆ ಒಂದಾದ್ರೆ ಎಣ್ಣೆ ಒಂದಾಗ್ತದಾ ಅಣ್ಣಾ?"

ಅವರಿಗೆ ಉರಿದುಹೋಯಿತು. ಪರೀಕ್ಷಾ ಕೋಣೆಗೆ ಹೊಸದಾಗಿ ಸೇರಿದ್ದ ಜಯರಾಮನ್‌ನನ್ನು ಕರೆಸಿ ಅಳೆಯಲು ಹೇಳಿದರು. ಅವನು ಎಣ್ಣೆ, ಪೊಟ್ಯಾಶ್ ಹಾಕಿದ ಕುಪ್ಪಿಯೊಂದನ್ನು ಒಂದು ಗಂಟೆ ಕುದಿಸಿ, ಇನ್ನೂರೈವತ್ತೆರಡು ಎಂದ.

"ಎಣ್ಣೆ ಹಾಕದ ಕುಪ್ಪಿ ಎಲ್ಲಿ?" ಅಕ್ಕ ಕೇಳಿದಳು.

ಪ್ರತಿ ಸಲವೂ ಬರೀ ಪೊಟ್ಯಾಶ್ ಹಾಕಿದ ಇನ್ನೊಂದು ಕುಪ್ಪಿಯನ್ನು ಪಕ್ಕದಲ್ಲೇ ಕುದಿಸಬೇಕು. ಎರಡರ ವ್ಯತ್ಯಾಸದಿಂದಲೇ ಲೆಕ್ಕ. ಆ ಬರೀ ಪೊಟ್ಯಾಶಿನ ಕುಪ್ಪಿಯನ್ನು ಸೋಮವಾರ ಒಮ್ಮೆ ಅಳೆದು ವಾರವಿಡೀ ಅದೇ ಅಂಕಿ ಎಳೆಯುವುದು ಆ ಮಿಲ್ಲಿನ ಹಳೇ ಚಾಳಿ. ದಿನ ಕಳೆದಂತೆ ಪೊಟ್ಯಾಶಿನ ಶಕ್ತಿ ಇಳಿಯುತ್ತದೆ, ಹಳೇ ಅಂಕಿ ಇಟ್ಟುಕೊಂಡರೆ ಇಳಿದದ್ದೂ ಎಣ್ಣೆ ಹಿಡಿದ ಲೆಕ್ಕಕ್ಕೆ ಸೇರಿ ಕಲಬೆರಕೆ ಎಣ್ಣೆಯೂ ಪಾಸಾಗುತ್ತದೆ. ಅಂದು ಶುಕ್ರವಾರ, ಜಯರಾಮನ್ ಹಿಡಿದದ್ದು ಸೋಮವಾರದ ಅಂಕಿ.

ಅಕ್ಕ ಎರಡೂ ಕುಪ್ಪಿಗಳನ್ನು ಒಲೆಗೇರಿಸಿದಳು. ಆಮ್ಲ ಬಿಡುವ ಗಾಜಿನ ನಳಿಕೆಯನ್ನು ಜಯರಾಮನ್ ಕೈಗೇ ಕೊಟ್ಟಳು. ಹನಿ ಹನಿಯಾಗಿ ಬಿಟ್ಟು, ಸೂಚಕದ ಗುಲಾಬಿ ಬಣ್ಣ ಮಾಯವಾದಲ್ಲಿ ನಿಲ್ಲಿಸಿ ಅವನೇ ಲೆಕ್ಕ ಹಾಕಿದ. ಇನ್ನೂರ ಮೂವತ್ತೊಂದು.

"ಆದ್ರೂ ಹಾಕು," ಎಂದರು ಲಿಂಗಪ್ಪನ್. "ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಅಕ್ಕ ಚೀಟಿಯಲ್ಲಿ ಇನ್ನೂರ ಮೂವತ್ತೊಂದೆಂದು ದಪ್ಪಗೆ ಬರೆದು ಸಹಿ ಹಾಕಿದಳು. "ಹಾಕಿವ್ನಿ. ನಾಳೆ ಬರಲ್ಲ."

ನನಗೆ ಭಯದ ಜೊತೆ ಹೆಮ್ಮೆಯೂ ಆಯಿತು. ಲಿಂಗಪ್ಪನ್ ಆ ಚೀಟಿ ಹರಿದು, ಹೊಸದೊಂದನ್ನು ಜಯರಾಮನ್ ಮುಂದೆ ತಳ್ಳಿದರು. ಅವನು ಪೆನ್ನು ಮುಟ್ಟಲಿಲ್ಲ.

"ಈಗ ಅಳೆದವನು ನಾನೇ ಸಾರ್," ಎಂದ ತಮಿಳಿನಲ್ಲಿ.

ಅಕ್ಕನ ಕೆಲಸ ಹೋಯಿತು. ಟ್ಯಾಂಕರ್ ಗೇಟು ದಾಟಲಿಲ್ಲ.